ಓದಿ ಹೇಳಿದ ಮೇಲೇ ಸಹಿ

ಮೊದಲ ದಿನ ಸ್ಕೂಟರನ್ನು ಎಲ್ಲಿ ನಿಲ್ಲಿಸಿದೆ ಎಂಬುದರಲ್ಲೇ ನನ್ನ ಕೆಲಸ ಅರ್ಧ ಕೆಟ್ಟುಹೋಗಿತ್ತು. ಅದು ನನಗೆ ತಿಳಿದದ್ದು ಗ್ರಾಮಸಭೆ ಮುರಿದುಬಿದ್ದ ಮೇಲೆ.

ಹೊಸಕೋಟೆಯಿಂದ ಬೂದಿಗೆರೆ ಕಡೆಗೆ ಹೋಗುವ ರಸ್ತೆಯಿಂದ ಒಳಕ್ಕೆ ಸರಿದ ಊರು ಅದು. ಒಂದು ಬದಿಗೆ ರಾಗಿ ಹೊಲ, ದ್ರಾಕ್ಷಿ ಚಪ್ಪರ. ಇನ್ನೊಂದು ಬದಿಗೆ ಬಣ್ಣದ ಬಾವುಟ ನೆಟ್ಟ ಹೊಸ ಲೇಔಟು. ನಾನಾಗ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಕ್ಷೇತ್ರ ಸಂಯೋಜಕಿ. ಗ್ರಾಮಸಭೆಗೆ ಜನ ಯಾಕೆ ಬರುವುದಿಲ್ಲ ಎಂದು ತಿಳಿದುಕೊಳ್ಳಬೇಕು, ತಿಳಿದುಕೊಂಡು ಬರುವಂತೆ ಮಾಡಬೇಕು. ಎರಡೂ ನನ್ನ ಜವಾಬ್ದಾರಿ. ಎಂ.ಎ.ಯಲ್ಲಿ ರಾಜ್ಯಶಾಸ್ತ್ರ ಓದಿದವಳಿಗೆ ಮೊದಲನೆಯದು ಕಷ್ಟ ಅನ್ನಿಸಿರಲಿಲ್ಲ. ಅರಿವಿನ ಕೊರತೆ, ಕೂಲಿ ತಪ್ಪುವ ಭಯ, ಸಂಕೋಚ ಎಂದು ಕಾರಣಗಳನ್ನು ಊರಿಗೆ ಹೋಗುವ ಮೊದಲೇ ಬರೆದಿಟ್ಟುಕೊಂಡಿದ್ದೆ.

ಬಿಸಿಲು ಜೋರಾಗಿತ್ತು. ಊರ ಮುಂದಿನ ಹೊಂಗೆ ಮರದ ನೆರಳಿಗೆ ಗಾಡಿ ನಿಲ್ಲಿಸಿದೆ. ಮರದ ಎದುರಿನ ಮನೆ ಪಂಚಾಯಿತಿ ಮೆಂಬರ್‌ದು. ಅವರು ಹೊರಗೆ ಬಂದು, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ ಎಂದು ಒಳಗೆ ಕರೆದು, ಕಾಫಿ ಕೊಡಿಸಿ, ತಾವೇ ಜೊತೆಗೆ ಹೊರಟರು. ಮರ್ಯಾದಸ್ಥರು. ಊರಿನ ದೊಡ್ಡ ಬೀದಿ ಮುಗಿಸಿ ಕಾಲೊನಿಗೂ ಬಂದರು. ನಾನು ಬಾಗಿಲಲ್ಲಿ ನಿಂತು ಸಭೆಯ ವಿಷಯ ಹೇಳುವುದು, ಅವರು ನನ್ನ ಹಿಂದೆ ಕೈಕಟ್ಟಿ ನಿಲ್ಲುವುದು. ಎಲ್ಲ ಮನೆಯಲ್ಲೂ ಒಂದೇ ಉತ್ತರ: "ಬರ್ತೀವಿ ಬಿಡಿ ಮೇಡಂ."

ಕಾಲೊನಿಯ ಕೊನೆಯ ಮನೆಯಲ್ಲಿ ಮಾತ್ರ ಸ್ವಲ್ಪ ಹೊತ್ತು ಕೂತೆ. ಒಬ್ಬ ವಯಸ್ಸಾದ ಹೆಂಗಸು ಕನಕಾಂಬರ ಕಟ್ಟುತ್ತಿದ್ದರು. ಒಳಗೆ ಮಂಚದ ಮೇಲೆ ಗಂಡ, ಲಕ್ವ ಹೊಡೆದು ಒಂದು ಬದಿ ಬಿದ್ದುಹೋಗಿತ್ತು. ಆಕೆಯದು ಸೊಸೆಯ ಜೊತೆ ತೆಲುಗು, ನನ್ನ ಜೊತೆ ಕನ್ನಡ. ನಿಮಗೆ ಏನಾದರೂ ತೊಂದರೆ ಇದೆಯಾ ಎಂದು ನಾನು ಕಲಿತ ಕ್ರಮದಲ್ಲೇ ಕೇಳಿದೆ. ಮೆಂಬರ್ ಅಷ್ಟರಲ್ಲಿ ಫೋನಿಗೆಂದು ಆಚೆ ಹೋಗಿದ್ದರು.

"ತೊಂದ್ರೆ ಏನ್ ಬಂತು ಮೇಡಮ್ಮ. ನಮ್ ಯಜಮಾನ್ರು ಹೋಗೋಕೆ ರೆಡಿಯಾಗವ್ರೆ, ದಾರಿನೇ ಇಲ್ಲ" ಅಂದರು.

ಮಂಚದಿಂದ ತೊದಲು ದನಿ ಬಂತು: "ನಾನೇನ್ ನಡ್ಕೊಂಡ್ ಹೋಗ್ತೀನಾ? ಹೊರೋರಿಗೆ ಹೇಳು."

ಆಕೆ ಹೇಳಿದ್ದು ಇಷ್ಟು. ಕಾಲೊನಿಯಿಂದ ಅವರ ಸ್ಮಶಾನಕ್ಕೆ ಹಿಂದಿನಿಂದಲೂ ಒಂದು ಬಂಡಿದಾರಿ ಇತ್ತು. ಲೇಔಟಿನವರು ಅದರ ಎರಡೂ ತುದಿಗೆ ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದರು. ಆಮೇಲೆ ಕಾಲೊನಿಯಲ್ಲಿ ಒಂದು ಸಾವಾದಾಗ ಸುತ್ತಿಕೊಂಡು ದೊಡ್ಡ ಬೀದಿಯಲ್ಲಿ ಹೆಣ ಹೊತ್ತರು. ಬೀದಿಯವರು ಬಾಗಿಲಿಗೆ ಬಂದು ನಿಂತರು. ಚಟ್ಟವನ್ನು ನಡುದಾರಿಯಲ್ಲೇ ಇಳಿಸುವ ಮಟ್ಟಕ್ಕೆ ಮಾತು ಬೆಳೆಯಿತು. ಮುಂದಿನ ಸರದಿ ತಮ್ಮ ಮನೆಯದೇ ಎಂದು ಆಕೆಗೆ ಗೊತ್ತಿತ್ತು. ಇಬ್ಬರು ಗಂಡುಮಕ್ಕಳು, ಇಬ್ಬರೂ ಮುಂಗೋಪಿಗಳು. ಅಪ್ಪನನ್ನು ಹೊತ್ತುಕೊಂಡು ಆ ಬೀದಿಗೆ ಕಾಲಿಟ್ಟರೆ ಏನಾಗುತ್ತದೋ ಎಂಬುದು ಆಕೆಯ ಹೆದರಿಕೆ.

ಹಳೆಯ ಗ್ರಾಮ ನಕಾಶೆಯನ್ನು ನಾನು ತಾಲ್ಲೂಕು ಕಚೇರಿಯಲ್ಲಿ ತೆಗೆಸಿ ನೋಡಿದೆ. ಬಂಡಿದಾರಿ ಅದರಲ್ಲಿ ಚುಕ್ಕೆಗೆರೆಯಾಗಿ ಸ್ಪಷ್ಟವಾಗಿತ್ತು. ನಕಾಶೆಯಲ್ಲಿ ಕಂಡ ದಾರಿಯನ್ನು ಯಾರೂ ಮುಚ್ಚುವ ಹಾಗಿಲ್ಲ. ಗ್ರಾಮಸಭೆ ಒಂದು ಠರಾವು ಮಾಡಿ ತಹಸೀಲ್ದಾರರಿಗೆ ಕಳಿಸಿದರೆ ಭೂಮಾಪಕರು ಬಂದು ಅಳೆಯಲೇಬೇಕು. ಇಷ್ಟು ಸುಲಭ ಎಂದುಕೊಂಡೆ. ಕಾರ್ಯಸೂಚಿಯಲ್ಲಿ ವಿಷಯ ಸೇರಿಸಲು ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಪಿಡಿಒ, ಒಪ್ಪಿದರು. ಎರಡು ಪಂಚಾಯಿತಿಗಳ ಜವಾಬ್ದಾರಿ ಹೊತ್ತು ಸದಾ ಬೈಕಿನ ಮೇಲೇ ಇರುವ ಮನುಷ್ಯ, ನಾನು ಕೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಕಸ ಒಯ್ಯುವ ಪಂಚಾಯಿತಿ ಆಟೊದ ಮೈಕಿನಲ್ಲಿ, ಹಸಿ ಕಸ ಒಣ ಕಸದ ಹಾಡು ಮುಗಿದೊಡನೆ, ಗ್ರಾಮಸಭೆಯ ತಾರೀಖನ್ನೂ ಕೂಗಿಸಿದರು.

ಸಭೆಯ ದಿನ ಪಂಚಾಯಿತಿ ಕಚೇರಿಯ ಮುಂದೆ ಶಾಮಿಯಾನ ಹಾಕಿತ್ತು. ಕೆಂಪು ಕುರ್ಚಿಗಳು ಸಾಲಾಗಿದ್ದವು. ಅಧ್ಯಕ್ಷರು ಬಂದರು, ಮೆಂಬರ್‌ಗಳು ಬಂದರು, ಕರೆಸಿಕೊಂಡಿದ್ದ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಒಂದು ಮೂಲೆಯಲ್ಲಿ ಕೂತರು. ಸಭೆ ನಡೆಸಿಕೊಡಲು ನೋಡಲ್ ಅಧಿಕಾರಿಯಾಗಿ ನೇಮಕವಾಗಿದ್ದ ಪಶುವೈದ್ಯರು ಸಮಯಕ್ಕೆ ಸರಿಯಾಗಿ ಬಂದು ವಾಚು ನೋಡಿಕೊಂಡರು. ಊರಿನವರು ಎಂದು ಹೇಳಬಹುದಾದವರು ಬೇಲಿಯ ಬಳಿ ನಿಂತಿದ್ದ ಕೆಲವು ಗಂಡಸರು. ಕಾಲೊನಿಯಿಂದ ಒಬ್ಬರೂ ಇಲ್ಲ. ದೊಡ್ಡ ಬೀದಿಯ ಹೆಂಗಸರೂ ಇಲ್ಲ. ಕಾದೆವು. ಚಿತ್ರಾನ್ನದ ಪೊಟ್ಟಣಗಳು ಬಂದು ಮೇಜಿನ ಮೇಲೆ ಕೂತವು. ನಾನು ರಸ್ತೆಯ ತಿರುವಿನವರೆಗೂ ಹೋಗಿ ಬಂದೆ, ಮತ್ತೆ ಹೋದೆ.

ಬೇಕಾದಷ್ಟು ಜನರಿಲ್ಲದೆ ಕೋರಂ ಆಗಲಿಲ್ಲ. ಕೋರಂ ಇಲ್ಲದಿದ್ದರೆ ಸಭೆ ಮುಂದಕ್ಕೆ ಹೋಗಬೇಕು. ಪಿಡಿಒ ನನ್ನನ್ನು ಪಕ್ಕಕ್ಕೆ ಕರೆದರು. ದನಿಯಲ್ಲಿ ಕಳ್ಳತನವೇನೂ ಇರಲಿಲ್ಲ, ದಿನನಿತ್ಯದ ಕೆಲಸ ಹೇಳುವ ಧಾಟಿಯೇ.

"ಬೇಜಾರ್ ಮಾಡ್ಕೋಬೇಡಿ ಮೇಡಂ. ವಾಟರ್‌ಮನ್ ಕೈಲಿ ಬುಕ್ ಕಳಿಸಿ ಮನೆ ಮನೆ ಸಹಿ ತರಿಸ್ತೀನಿ. ನಿಮ್ ದಾರಿ ವಿಷಯಾನೂ ಬರ್ದು ಹಾಕ್ತೀನಿ. ಎಲ್ಲಾ ಕಡೆ ನಡೆಯೋದು ಹಿಂಗೇನೆ."

ನನಗೆ ಬೇಕಾಗಿದ್ದ ಠರಾವು ಅಲ್ಲೇ, ಒಂದು ಮಾತಿನ ದೂರದಲ್ಲಿತ್ತು. ಸ್ವಲ್ಪ ಸಮಯ ಕೊಡಿ ಎಂದೆ. ಬೆಂಗಳೂರಿನ ನನ್ನ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ಜನರಿಗೆ ದಾರಿ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಫಲಿತಾಂಶ ಯಾವುದಿದೆ, ಸ್ಥಳದಲ್ಲಿರುವವರು ನೀವು, ನೀವೇ ನೋಡಿಕೊಳ್ಳಿ ಎಂದರು. ಕಾಲೊನಿಯ ಕಡೆಗೆ ನಡೆದೆ.

ಆಕೆ ಅದೇ ಜಾಗದಲ್ಲಿ ಹೂ ಕಟ್ಟುತ್ತಿದ್ದರು. ಬರ್ತೀವಿ ಅಂದಿದ್ದಿರಲ್ಲ ಎಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು ಎಂದು ಆಮೇಲೆ ಅನ್ನಿಸಿತು.

"ಮೆಂಬ್ರು ಬೆನ್ನಿಗೆ ನಿಂತಿದ್ರೆ ಬರಲ್ಲ ಅಂತ ಯಾರಾದ್ರೂ ಅಂತಾರಾ?" ಅಂದರು. "ಗಾಡಿ ಅವ್ರ ಮನೆ ಮುಂದೆ, ಕಾಫಿ ಅವ್ರ ಮನೇದು. ಯಾರ್ ಕಡೆಯೋಳು ಅಂತ ನಿನ್ನ ಕೇಳೋ ಕೆಲ್ಸಾನೇ ಇರ್ಲಿಲ್ಲ."

ನನ್ನ ಮೇಲೆ ನಂಬಿಕೆ ಇಲ್ಲದಿದ್ದರೂ ದಾರಿ ನಿಮ್ಮದಲ್ಲವೇ, ಅದಕ್ಕಾದರೂ ಬರಬಹುದಿತ್ತಲ್ಲ ಎಂದೆ. ಆಕೆಯ ಕೈ ನಿಂತಿತು.

"ನಾವ್ ಹೋಗಿದ್ವಿ ಮೇಡಮ್ಮ. ಹೋಗಿದ್ದಕ್ಕೇ ದಾರಿ ಹೋಯ್ತು."

ಲೇಔಟು ಬರುವ ಮೊದಲು ಒಂದು ಸಭೆಗೆ ಕಾಲೊನಿಯವರನ್ನೆಲ್ಲ ಕರೆದಿದ್ದರಂತೆ. ಮನೆ ಮಂಜೂರು ಮಾಡುತ್ತಾರೆ ಎಂದು ಕೆಲಸ ಬಿಟ್ಟು ಹೋದರು. ಒಳಗೆ ಹೋಗುವಾಗಲೇ ಪುಸ್ತಕದಲ್ಲಿ, ಮೇಲೆ ಜಾಗ ಬಿಟ್ಟು, ಕೆಳಗೆ ಸಹಿ ಹಾಕಿಸಿಕೊಂಡರು. ಬಂದವರ ಲೆಕ್ಕಕ್ಕೆ ಎಂದರು. ಕಂಬ ನೆಟ್ಟಾಗ ಇವರು ಗಲಾಟೆ ಮಾಡಿದರೆ ಲೇಔಟಿನವರು ಒಂದು ಜೆರಾಕ್ಸ್ ತೋರಿಸಿದರು: ದಾರಿ ಬಳಕೆಯಲ್ಲಿಲ್ಲ, ಮುಚ್ಚಲು ಊರಿನವರ ಆಕ್ಷೇಪಣೆ ಇಲ್ಲ. ಕೆಳಗೆ ಇವರವೇ ಹೆಸರು, ಇವರವೇ ಹೆಬ್ಬೆಟ್ಟು. ಆಕೆ ಆಗ ತಾನೇ ಸ್ತ್ರೀಶಕ್ತಿ ಸಂಘದಲ್ಲಿ ಹೆಸರು ಬರೆಯಲು ಕಲಿತಿದ್ದರು. ಕಲಿತು ಹಾಕಿದ ಮೊದಲ ಸಹಿಗಳಲ್ಲಿ ಅದೂ ಒಂದು.

ಅರಿವಿನ ಕೊರತೆ ಎಂದು ಬರೆದಿಟ್ಟಿದ್ದ ಕಾರಣ ಆಗ ನೆನಪಾಯಿತು. ಇವರಿಗೆ ಗ್ರಾಮಸಭೆಯ ಅರಿವು ಚೆನ್ನಾಗಿಯೇ ಇತ್ತು.

ಪಿಡಿಒ ಹೇಳಿದ್ದನ್ನು ತಿಳಿಸಿದೆ. ಹಾಗೆ ಬರೆಸಿಕೊಂಡರೆ ದಾರಿ ಸಿಗಬಹುದು ಎಂದೆ. ಏನು ಮಾಡಲಿ ಎಂದು ನೇರವಾಗಿ ಕೇಳಿಯೇಬಿಟ್ಟೆ.

"ನಂಗೇನ್ ಗೊತ್ತು. ಓದಿರೋಳು ನೀನು" ಎಂದು ಆಕೆ ಮತ್ತೆ ಹೂವಿಗೆ ಕೈ ಹಾಕಿದರು.

ವಾಪಸು ನಡೆದುಬರುವಾಗ ನನ್ನ ತಲೆಯಲ್ಲಿ ಎರಡೂ ಕಡೆಯ ವಾದ ನಡೆದಿತ್ತು. ಅವರನ್ನು ಕೇಳದೆ ಬರೆದ ಠರಾವಿನಿಂದ ದಾರಿ ಹೋಗಿತ್ತು. ಅವರನ್ನು ಕೇಳದೆ ಬರೆದ ಇನ್ನೊಂದು ಠರಾವಿನಿಂದ ಅದು ಬಂದರೆ, ಮೂರನೆಯದರಿಂದ ಮತ್ತೆ ಹೋಗುತ್ತದೆ. ಲೇಔಟಿನ ವಕೀಲರು ಸಹಿಗಳನ್ನು ಪ್ರಶ್ನಿಸಿದರೆ ಯಾರು ನಿಲ್ಲುತ್ತಾರೆ? ಇದೆಲ್ಲ ಸರಿ. ಆದರೆ ಮಂಚದ ಮೇಲಿನ ಮನುಷ್ಯ ಅಷ್ಟು ದಿನ ಇರುತ್ತಾರೆಯೇ?

ಶಾಮಿಯಾನಕ್ಕೆ ಬಂದು ಬೇಡ ಎಂದೆ. ಸಭೆ ಕೋರಂ ಇಲ್ಲದೆ ಮುಂದಕ್ಕೆ ಹೋಯಿತೆಂದೇ ನನ್ನ ವರದಿಯಲ್ಲಿ ಬರೆಯುತ್ತೇನೆ ಎಂದೆ. ಪಿಡಿಒ ಅವರ ಮುಖ ಬಿಗಿಯಾಯಿತು. ನೀವು ವರದಿ ಬರೆದು ಹೋಗುತ್ತೀರಿ, ಇಲ್ಲಿ ಇರಬೇಕಾದವರು ನಾವು ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ಪಶುವೈದ್ಯರು ಮಾತ್ರ, ಸಹಿ ಹಾಕಬೇಕಾದವನು ನಾನೂ ಅಲ್ಲವೇ, ಮುಂದಕ್ಕೆ ಹಾಕಿ ಎಂದು ಎದ್ದರು. ಎರಡು ವಾರದ ಮೇಲಿನ ಒಂದು ದಿನ ನಿಗದಿಯಾಯಿತು. ಪೊಟ್ಟಣಗಳನ್ನು ಅಂಗನವಾಡಿಯವರು ಕಟ್ಟಿಕೊಂಡು ಹೋದರು.

ಆ ಎರಡು ವಾರ ನಾನು ಒಂದು ಕಡೆ ಕೂತದ್ದು ನೆನಪಿಲ್ಲ. ಹೊಸಕೋಟೆಯ ಬಾಡಿಗೆ ಕೋಣೆಯಲ್ಲಿ ಫೋನ್ ಸದ್ದಾದರೆ ಸಾವಿನ ಸುದ್ದಿಯೇ ಇರಬೇಕು ಎಂದುಕೊಂಡೇ ಎತ್ತುತ್ತಿದ್ದೆ. ಒಂದು ಸಂಜೆ ಕಾಲೊನಿಯಲ್ಲಿ ಆಕೆಯ ದೊಡ್ಡ ಮಗ ಎದುರಾದ. ಟೆಂಪೊ ಓಡಿಸುವವನು, ಕೀಲಿಕೈ ಇನ್ನೂ ಕೈಯಲ್ಲೇ ಇತ್ತು.

"ಪಿಡಿಒ ಬರ್ಕೊಡ್ತೀನಿ ಅಂದ್ರಂತೆ. ನೀವೇ ಬೇಡ ಅಂದ್ರಂತೆ?"

ಹೌದು ಎಂದೆ.

"ಹೆಣ ನಿಮ್ಮನೇದಲ್ವಲ್ಲ ಮೇಡಂ, ಅದಕ್ಕೆ."

"ಸುಮ್ನಿರ್ಲಾ" ಎಂದು ತಾಯಿ ಒಳಗಿನಿಂದ ಗದರಿದರು. ಆಮೇಲೆ ಬಾಗಿಲಿಗೆ ಬಂದು, ಅಷ್ಟೇ ಸಹಜವಾಗಿ, "ನಾನಾಗಿದ್ರೂ ಬರೆಸ್ಕೊಂಬಿಡ್ತಿದ್ದೆ ಕಣಮ್ಮ" ಅಂದರು. ಹೇಳಲು ನನ್ನ ಬಳಿ ಇದ್ದದ್ದೆಲ್ಲ ಪುಸ್ತಕದ ಮಾತು.

ಸ್ಕೂಟರನ್ನು ಈಗ ಬಸ್‌ಸ್ಟಾಪಿನ ಹತ್ತಿರ, ಯಾರ ಮನೆಗೂ ಸೇರದ ಜಾಗದಲ್ಲಿ ಬಿಸಿಲಿಗೇ ಬಿಡುತ್ತಿದ್ದೆ. ಎಲ್ಲರ ಮನೆಗೂ ಒಬ್ಬಳೇ ಹೋದೆ. ಕಾಫಿಯನ್ನು ಎಲ್ಲ ಮನೆಯಲ್ಲೂ ಕುಡಿಯಬೇಕು, ಇಲ್ಲವೇ ಯಾರ ಮನೆಯಲ್ಲೂ ಕುಡಿಯಬಾರದು. ಎರಡನೆಯದು ಸಾಧ್ಯವಿರಲಿಲ್ಲ, ಬೇಡ ಎಂದರೆ ಆ ಮನೆಯನ್ನು ಕೀಳಾಗಿ ಕಂಡಂತೆ. ಕಾಲೊನಿಯಲ್ಲಿ ಕುಡಿದದ್ದು ದೊಡ್ಡ ಬೀದಿಗೆ ನಾನು ತಲುಪುವ ಮೊದಲೇ ತಲುಪಿರುತ್ತಿತ್ತು. ಅಲ್ಲಿ ಒಂದು ಮನೆಯಲ್ಲಿ ಮಾತ್ರ ನನಗೆ ಸ್ಟೀಲ್ ಲೋಟದ ಬದಲು ಪೇಪರ್ ಕಪ್ಪಿನಲ್ಲಿ ಕಾಫಿ ಬಂತು. ಕುಡಿದೆ.

ಸಭೆಗೆ ಬನ್ನಿ ಎನ್ನುವುದನ್ನು ಬಿಟ್ಟೆ. ಸಭೆ ನಡೆಯುವ ಕ್ರಮವನ್ನು ಹೇಳತೊಡಗಿದೆ. ಮೊದಲು ಮಾತು, ಆಮೇಲೆ ಬರವಣಿಗೆ, ಬರೆದದ್ದನ್ನು ಎಲ್ಲರ ಮುಂದೆ ಜೋರಾಗಿ ಓದುವುದು, ಕೊನೆಗೆ ಸಹಿ. ಬಾಗಿಲಲ್ಲಿ ಯಾರೂ ಸಹಿ ಕೇಳುವುದಿಲ್ಲ. ಇದಕ್ಕೆ ಪಿಡಿಒ ಅವರನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಊಟವಾದ ಮೇಲೆ ಸಹಿಗೆ ಯಾರು ನಿಲ್ಲುತ್ತಾರೆ, ಕೋರಂ ತಪ್ಪಿದರೆ ನೋಟಿಸ್ ನನಗೆ ಬರುತ್ತದೆ ಎಂದರು. ಪಶುವೈದ್ಯರಿಗೆ ಫೋನ್ ಮಾಡಿದೆ. ಕ್ರಮವೇನೋ ಸರಿಯಾದದ್ದೇ, ನಾನೇ ಓದುತ್ತೇನೆ ಎಂದು ಅವರು ಒಪ್ಪಿದರು. ಜಾಗವೂ ಬದಲಾಗಿ ಶಾಲೆಯ ಅಂಗಳಕ್ಕೆ ಬಂತು.

ಎರಡನೆಯ ಸಭೆಗೆ ಜನ ಬಂದರು. ಆದರೆ ಒಳಗೆ ಬರಲಿಲ್ಲ. ದೊಡ್ಡ ಬೀದಿಯವರು ಗೇಟಿನ ಎಡಕ್ಕೆ ಬೈಕುಗಳ ಮೇಲೆ ಕೂತರು. ಕಾಲೊನಿಯವರು ಬಲಕ್ಕೆ, ಕಾಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ ಕೂತರು. ಕುರ್ಚಿಗಳು ಖಾಲಿ. ಹೂ ಕಟ್ಟುವ ಅಮ್ಮ ಬಂದಿದ್ದರು, ಸೆರಗಿನಲ್ಲಿ ಹೂವಿನ ಗಂಟೂ ಇತ್ತು. ಪಶುವೈದ್ಯರು ಮೈಕನ್ನು ಗೇಟಿನವರೆಗೂ ಎಳೆಸಿದರು. ಅಲ್ಲೇ ನಿಂತು ಕಾರ್ಯಸೂಚಿ ಓದಿದರು.

ಬೀದಿದೀಪ, ಚರಂಡಿ ಎಲ್ಲ ಮುಗಿದು ದಾರಿಯ ವಿಷಯ ಬಂತು. ನಕಾಶೆಯ ಪ್ರತಿಯನ್ನು ಬಿಚ್ಚಿ ಹಿಡಿದೆ. ಮೊದಲು ಎದ್ದವರು ಮೆಂಬರ್. ದಾರಿ ಬಿಡಿಸಬೇಕು ಎಂದರು. ನನಗೆ ಆಶ್ಚರ್ಯವಾಯಿತು, ಕಾರಣ ಕೇಳುವವರೆಗೆ: ಅವರವರ ದಾರಿಯಲ್ಲಿ ಅವರವರು ಹೋದರೆ ಊರಿನ ಬೀದಿಯಲ್ಲಿ ಗಲಾಟೆ ಇರುವುದಿಲ್ಲ. ಇಷ್ಟು ಓಡಾಡಿದ್ದು ಈ ಕಾರಣಕ್ಕೆ ಒಪ್ಪಿಗೆ ಪಡೆಯಲೇ?

ಬೇವಿನ ಮರದ ಕಡೆಯಿಂದ ಆಕೆಯ ದನಿ ಬಂತು. ಎದ್ದು ನಿಂತಿರಲಿಲ್ಲ, ಕೂತೇ ಹೇಳಿದರು: "ಮೆಂಬ್ರು ಗೌಡ್ರಿಗೆ ನಮ್ ಹೆಣದ್ ಭಯ. ಆಗ್ಲಿ, ಭಯಕ್ಕಾದ್ರೂ ದಾರಿ ಬಿಡಿಸ್ಲಿ. ಆದ್ರೆ ಹಂಗಂತ ಬರೀಬೇಡಿ. ದಾರಿ ನಮ್ದು ಅಂತ ಬರೀರಿ."

ಬೈಕುಗಳ ಮೇಲೆ ಯಾರೋ ನಕ್ಕರು. ಮೆಂಬರ್ ಕೂಡ ಸ್ವಲ್ಪ ನಕ್ಕು ಕೂತರು. ಅಲ್ಲಿಂದ ಮಾತು ಶುರುವಾಯಿತು. ಬಂಡಿದಾರಿಯ ಅಗಲ ಎಷ್ಟಿತ್ತು, ಮಧ್ಯದ ಬಾವಿ ಯಾವ ಬದಿಗೆ, ಎರಡು ಕಡೆಯವರೂ ಒಬ್ಬರನ್ನೊಬ್ಬರು ತಿದ್ದಿದರು. ಪಿಡಿಒ ಬರೆದರು, ಹೊಡೆದುಹಾಕಿ ಮತ್ತೆ ಬರೆದರು. ಪಶುವೈದ್ಯರು ಜೋರಾಗಿ ಓದಿದರು. ಟೆಂಪೊ ಓಡಿಸುವ ದೊಡ್ಡ ಮಗ ಗೇಟು ದಾಟಿ ಒಳಗೆ ಬಂದು, ಬರವಣಿಗೆ ಮುಗಿದ ಕಡೆಯಿಂದ ಸಹಿ ಶುರುವಾಗುವ ಕಡೆಯವರೆಗೆ ಖಾಲಿ ಜಾಗಕ್ಕೆ ಅಡ್ಡ ಗೀಟು ಎಳೆಯಿರಿ ಎಂದ. ಪಿಡಿಒ ಅವನನ್ನೇ ನೋಡಿದರು. ಆಮೇಲೆ ಸ್ಕೇಲು ತರಿಸಿ ಎಳೆದರು.

ಪೆನ್ನು ಮೇಜಿನ ಮೇಲಿತ್ತು. ಯಾರೂ ಮುಟ್ಟಲಿಲ್ಲ. ಬಿಸಿಲು ಏರುತ್ತಿತ್ತು. ಒಬ್ಬಿಬ್ಬರು ಬೈಕ್ ಸ್ಟಾರ್ಟ್ ಮಾಡಿದರು. ಪಿಡಿಒ ನನ್ನ ಕಡೆ ನೋಡಿ ಮುಖ ತಿರುಗಿಸಿಕೊಂಡರು.

ಆಕೆ ಎದ್ದು ಒಳಗೆ ಬಂದರು. ಇನ್ನೊಂದು ಸಲ ಓದಿಸಿದರು. ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ನೀನ್ ಹಾಕು ಮೊದ್ಲು."

ನಾನು ಈ ಊರಿನ ಮತದಾರಳಲ್ಲ, ನನ್ನ ಸಹಿಗೆ ಇಲ್ಲಿ ಬೆಲೆ ಇಲ್ಲ ಎಂದೆ. ಸಂಸ್ಥೆಯ ನಿಯಮವೂ ಇತ್ತು, ಸಭೆಯ ನಡಾವಳಿಯಲ್ಲಿ ಸಂಯೋಜಕರು ಎಲ್ಲಿಯೂ ಹೆಸರು ಹಾಕಬಾರದು.

"ಬೆಲೆ ಯಾರ್ ಕೇಳಿದ್ರು? ನಾಳೆ ಕಂಬ ಅಲ್ಲೇ ಇದ್ರೆ ನಾನ್ ಯಾರನ್ ಕೇಳ್ಲಿ? ಈ ಸಾಹೇಬ್ರು ವರ್ಗ ಆಗೋಯ್ತಾರೆ. ಆ ಡಾಕ್ಟ್ರು ದನ ನೋಡಕ್ಕೋಯ್ತಾರೆ. ನಿನ್ ಹೆಸ್ರು ಬರಿ. ಫೋನ್ ನಂಬರ್ ಬರಿ."

ಪಶುವೈದ್ಯರು ಮತದಾರರ ಸಹಿಗಳಿಂದ ಬೇರೆಯಾಗಿ, ಆಹ್ವಾನಿತರು ಎಂಬ ಸಾಲನ್ನು ತೋರಿಸಿದರು. ಹೆಸರು ಬರೆದೆ. ನಂಬರಿಗೆ ಬಂದಾಗ ಕೈ ತಡೆಯಿತು. ನನ್ನ ಬಳಿ ಎರಡು ಫೋನುಗಳಿದ್ದವು. ಊರೂರಲ್ಲಿ ಕೊಡುತ್ತಿದ್ದದ್ದು ಸಂಸ್ಥೆಯ ಸಿಮ್ಮಿನ ನಂಬರು. ಯೋಜನೆ ಮುಗಿದ ದಿನ ಅದನ್ನು ಹಿಂದಿರುಗಿಸಬೇಕಿತ್ತು. ನನ್ನ ಸ್ವಂತ ನಂಬರು ಮನೆಯವರಿಗೆ, ನಾಲ್ಕಾರು ಗೆಳತಿಯರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹಾಗೆ ಕಾಪಾಡಿಕೊಂಡಿದ್ದೆ. ಆಕೆ ಪಕ್ಕದಲ್ಲೇ ನಿಂತು ಪೆನ್ನಿನ ತುದಿ ನೋಡುತ್ತಿದ್ದರು. ಯಾವ ನಂಬರು ಬರೆದರೂ ಆಕೆಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನನ್ನ ಸ್ವಂತದ್ದನ್ನು ಬರೆದೆ.

ಆಮೇಲೆ ಆಕೆ ಬಗ್ಗಿ, ಅಕ್ಷರ ಅಕ್ಷರವಾಗಿ, ತಮ್ಮ ಹೆಸರು ಬರೆದರು. ಕಾಲೊನಿಯವರು ಎದ್ದು ಬಂದರು. ಸ್ವಲ್ಪ ಹೊತ್ತಿಗೆ ಬೈಕುಗಳ ಕಡೆಯವರೂ ಬಂದರು. ದೊಡ್ಡ ಬೀದಿಯ ಹೆಂಗಸರು ಮನೆಯಿಂದ ಮನೆಗೆ ಕೂಗಿಕೊಂಡು ಗುಂಪಾಗಿ ಬಂದು, ತಮಗೂ ಇನ್ನೊಂದು ಸಲ ಓದಿ ಹೇಳಬೇಕೆಂದು ಪಟ್ಟು ಹಿಡಿದರು. ಪಶುವೈದ್ಯರ ಗಂಟಲು ಕಟ್ಟಿತ್ತು. ಮೂರನೆಯ ಸಲ ಪಿಡಿಒ ಓದಿದರು. ಕೋರಂ ಆಯಿತು.

ನಿಯಮ ಮುರಿದದ್ದನ್ನು ವರದಿಯಲ್ಲಿ ಬರೆದೆ. ಮೇಲ್ವಿಚಾರಕರು ಒಂದು ಪತ್ರದಲ್ಲಿ ಆಕ್ಷೇಪಿಸಿದರು, ಫೋನಿನಲ್ಲಿ ಅಭಿನಂದಿಸಿದರು. ಯೋಜನೆ ಮುಗಿಯಿತು. ಸಿಮ್ ಹಿಂದಿರುಗಿಸಿದೆ. ಈಗ ನೆಲಮಂಗಲದ ಕಡೆ ಬೇರೆ ಕೆಲಸದಲ್ಲಿದ್ದೇನೆ.

ಠರಾವು ತಹಸೀಲ್ದಾರರ ಕಚೇರಿ ತಲುಪಿದೆ. ಲೇಔಟಿನವರು ತಕರಾರು ಹಾಕಿದ್ದಾರೆ. ಭೂಮಾಪಕರು ಒಮ್ಮೆ ಬರುತ್ತೇವೆಂದು ಬರಲಿಲ್ಲ, ಇನ್ನೊಮ್ಮೆ ಬಂದು ಅಳತೆಯ ಸರಪಳಿ ಹಿಡಿಯುವಷ್ಟರಲ್ಲಿ ಮಳೆ ಬಂತಂತೆ. ಇದೆಲ್ಲ ನನಗೆ ಗೊತ್ತಾಗುವುದು ನನ್ನ ಸ್ವಂತ ಫೋನಿಗೆ ಬರುವ ಆಕೆಯ ಕರೆಗಳಿಂದ. ಬಸ್ಸಿನಲ್ಲಿರುವಾಗ, ಮೀಟಿಂಗಿನಲ್ಲಿರುವಾಗ, ಅಮ್ಮನ ಜೊತೆ ಊಟಕ್ಕೆ ಕೂತಾಗ. ಒಮ್ಮೆಯೂ ಹಲೋ ಎನ್ನುವುದಿಲ್ಲ. "ಕಂಬ ಇನ್ನೂ ಅಲ್ಲೇ ಅವೆ" ಎಂದೇ ಶುರು. ನಾನು ತಾಲ್ಲೂಕು ಕಚೇರಿಗೆ ಫೋನ್ ಮಾಡಿ ವಿಚಾರಿಸಿ, ತಿಳಿದದ್ದನ್ನು ಆಕೆಗೆ ಹೇಳುತ್ತೇನೆ. ಏನೂ ತಿಳಿಯದಿದ್ದರೆ ಅದನ್ನೂ ಹೇಳುತ್ತೇನೆ. ನಂಬರು ಬದಲಾಯಿಸು ಎಂದು ಅಮ್ಮ ಹೇಳಿ ನೋಡಿದಳು.

ಮೊನ್ನೆಯ ಕರೆಯಲ್ಲಿ ಯಜಮಾನರು ಹೇಗಿದ್ದಾರೆ ಎಂದು ಕೇಳಿದೆ. ಸಾಮಾನ್ಯವಾಗಿ ಕೇಳುವುದಿಲ್ಲ, ಉತ್ತರದ ಭಯ. ಆಕೆ ಫೋನನ್ನು ಮಂಚದ ಹತ್ತಿರ ಒಯ್ದರು. ಉಸಿರಿನ ಸದ್ದು ಬಂತು, ತೊದಲು ಮಾತು ಬಂತು, ನನಗೆ ಅರ್ಥವಾಗಲಿಲ್ಲ.

"ಏನಂದ್ರು?" ಎಂದೆ.

"ಕಂಬ ಕೀಳೋಗಂಟ ನಾನ್ ಹೋಗಲ್ಲ ಅಂತವ್ರೆ. ನಿಂಗೆ ಹೇಳ್ಬೇಕಂತೆ" ಅಂದರು. ಆಮೇಲೆ ಸ್ವಲ್ಪ ಬೇಸರದಿಂದ, "ಇಲ್ಲಿ ಇವ್ರಿಗೆ ಮಾಡೋಳು ನಾನಲ್ವಾ, ಬೇಗ ಕೀಳಿಸಮ್ಮ" ಎಂದು ಫೋನ್ ಇಟ್ಟರು.

ನಾನು ಭೂಮಾಪಕರ ಕಚೇರಿಯ ನಂಬರು ಒತ್ತಿದೆ.